ತವರದ ಚಮಚ

ಮರ್ರೇ ಬೀದಿಯ ಗ್ರಂಥಾಲಯ, ಎರಡನೇ ಮಹಡಿ.
ಕಿಟಕಿಯಾಚೆ ಬೆಟ್ಟದ ನೆತ್ತಿಗೆ ಡಿಸೆಂಬರಿನಲ್ಲೂ ಹಿಮ.
ಹೋಬಾರ್ಟಿನ ಬೇಸಿಗೆ ಬರ್ತೀನಿ ಅಂದು ಬಾರದ ನೆಂಟ.
ಬೀಸುಕಲ್ಲಿನ ಗೂಟ ಹಿಡಿದಂತೆ
ಮೈಕ್ರೋಫಿಲ್ಮಿನ ಹಿಡಿ ತಿರುವುತ್ತಿದ್ದೇನೆ,
ಹೆಸರುಗಳು ಉದುರುತ್ತಿವೆ.

ಮಗಳ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದಾರೆ.
ನನ್ನ ಕಡೆಯ ಕೊಂಬೆ ಒಂದೇ ಫೋನಿಗೆ ಮುಗಿಯಿತು:
ಅಪ್ಪ ಬಳ್ಳಾರಿ ಜೈಲಿನ ವಾರ್ಡರ್,
ಅಜ್ಜ ಅದೇ ಜೈಲಿನ ವಾರ್ಡರ್,
ಮುತ್ತಜ್ಜ ಅಲ್ಲೇ ಗೇಟು ಕಾಯುತ್ತಿದ್ದ.
ಗಂಡನ ತಾಯಿಯ ಕಡೆಯದು ಮಾತ್ರ
ಬೈಬಲ್ಲಿನ ಕೊನೆಯ ಹಾಳೆಯಲ್ಲಿ ೧೮೬೩ಕ್ಕೆ ನಿಂತಿದೆ.
ಅದರ ಮೇಲಿನದನ್ನು ಯಾರೋ ಕತ್ತರಿಯಲ್ಲಿ,
ನೇರವಾಗಿ, ಅವಸರವಿಲ್ಲದೆ, ತೆಗೆದಿದ್ದಾರೆ.
‘ನಾವು ಸ್ವಂತ ದುಡ್ಡಲ್ಲಿ ಟಿಕೆಟ್ಟು ಕೊಂಡು ಬಂದವರು’
ಅನ್ನುತ್ತಾರೆ ಅತ್ತೆ ಬೆರಿಲ್, ಎಂಬತ್ತಾರು ವರ್ಷ.
ಯಾರೂ ಕೇಳದಿದ್ದಾಗಲೂ ಅನ್ನುತ್ತಾರೆ.

ಸಿಕ್ಕಳು.
ಟ್ಯಾಮ್ಸಿನ್ ಹಾಕಿಂಗ್, ಕಾರ್ನ್‌ವಾಲಿನವಳು, ಹತ್ತೊಂಬತ್ತು.
ಎತ್ತರ ನಾಲ್ಕಡಿ ಹನ್ನೊಂದಿಂಚು. ಕಣ್ಣು ಬೂದು.
ಎಡ ಹೆಬ್ಬೆರಳಿಗೆ ಸುಟ್ಟ ಕಲೆ.
ಓದಬಲ್ಲಳು, ಬರೆಯಲಾರಳು.
ಅಪರಾಧ: ಮನೆಯೊಡತಿಯ ಚಮಚ, ಆರು.
ಶಿಕ್ಷೆ: ಕಡಲಾಚೆ ಏಳು ವರ್ಷ.
ಚಮಚಕ್ಕೊಂದು ವರ್ಷ ಹಿಡಿದರೂ ಒಂದು ಹೆಚ್ಚು.

ಇಲ್ಲಿಗೆ ಬಂದ ಮೇಲಿನ ಷರಾ ಬೇರೆ ಕೈಬರಹದಲ್ಲಿ:
ಎದುರುತ್ತರ, ಮೂರು ದಿನ ಬ್ರೆಡ್ಡು ನೀರು.
ಅನುಮತಿಯಿಲ್ಲದೆ ರಾತ್ರಿ ಹೊರಗೆ, ಕತ್ತಲೆ ಕೋಣೆ.
ಚರ್ಚಿನಲ್ಲಿ ನಕ್ಕಿದ್ದು, ಹತ್ತು ದಿನ ಬಟ್ಟೆ ಒಗೆಯುವ ತೊಟ್ಟಿ.
ಏತಕ್ಕೆ ನಕ್ಕಳೋ, ಬರೆದಿಲ್ಲ.
ಈ ಬರವಣಿಗೆ ನನಗೆ ಗೊತ್ತು.
ಅಪ್ಪನೂ ಹೀಗೇ ಬರೆಯುತ್ತಿದ್ದ: ಇಂಥವನು, ಇಂಥ ದಿನ, ಗಲಾಟೆ.
ಆಮೇಲೆ ಕೈ ತೊಳೆದು ಊಟಕ್ಕೆ ಕೂರುತ್ತಿದ್ದ.

ಊಟವಾದ ಮೇಲೆ ಅತ್ತೆ ಚಮಚ ಎಣಿಸುತ್ತಾರೆ.
ತುಟಿ ಅಲ್ಲಾಡುತ್ತದೆ, ಸದ್ದಿಲ್ಲ.
ನಾನು ಮೊದಲ ಸಲ ಆ ಮೇಜಿಗೆ ಕೂತ ರಾತ್ರಿ
ಎರಡು ಸಲ ಎಣಿಸಿದರು.
ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೆ.
ಹದಿನಾಲ್ಕು ವರ್ಷ ಅದನ್ನು ಸೆರಗಿನ ಗಂಟಲ್ಲಿ ಇಟ್ಟುಕೊಂಡಿದ್ದೆ,
ಸೆರಗೇ ಇಲ್ಲದ ಊರಲ್ಲಿ.
ಅವರಮ್ಮನೂ ಎಣಿಸುತ್ತಿದ್ದರಂತೆ. ಅವರಮ್ಮನ ಅಮ್ಮನೂ.
ಏಕೆ ಅಂದರೆ, ‘ಎಣಿಸಬೇಕು, ಅಷ್ಟೆ.’

ಜೆರಾಕ್ಸು ಮುಂದಿಟ್ಟೆ.
ಬಟಾಣಿ ಬಿಡಿಸುತ್ತಿದ್ದವರು ಕೈ ಒರೆಸಿಕೊಂಡು
ಕನ್ನಡಕ ಹುಡುಕಿ, ಬೆರಳಿಟ್ಟು ಓದಿದರು.
ಬೆರಳು ಒಂದು ಕಡೆ ನಿಂತಿತು.
ಗಡಿಯಾರ, ಫ್ರಿಜ್ಜು, ಹೊರಗೊಂದು ಕಾಗೆ.
ನಾನು ಮಾತು ಹೊಂದಿಸುತ್ತಿದ್ದೆ, ಸಮಾಧಾನದ್ದು.
‘ಬೆಳ್ಳಿಯದೋ?’ ಅಂದರು.
‘ಅಲ್ಲ. ತವರದ್ದು.’
ಹೇಳಿದ್ದು ಇಂಗ್ಲಿಷಿನಲ್ಲಿ. ಒಳಗೆ ಉಳಿದದ್ದು ಕನ್ನಡ:
ತವರ.
ಕೊಂಬು ಮುರಿದ ತವರು.

‘ತವರಕ್ಕೆ ಏಳು ವರ್ಷ! ದಡ್ಡಿ,’ ಅಂದರು ಅತ್ತೆ,
ಯಾರಿಗೋ,
ಮತ್ತೆ ಬಟಾಣಿಗೆ ಕೈ ಹಾಕಿದರು.

ರಾತ್ರಿ ಎಣಿಸಿದರು, ಎಂದಿನಂತೆ.
ಒಂದು ಕಡಿಮೆ ಬಂತು.
ಅದು ನನ್ನ ಉಪ್ಪಿನಕಾಯಿ ಜಾಡಿಯಲ್ಲಿತ್ತು.
ಹೇಳಲಿಲ್ಲ ನಾನು.