ಏಳನೆಯವಳು

ಆರು ಜನಕ್ಕೆ ದುಡ್ಡು. ಏಳು ಜನ ಉಳಿದಿದ್ದೇವೆ.
ಪೋರ್ಟ್ ಕೆಂಬ್ಲಾದ ಕಾರ್ಮಿಕರ ಕ್ಲಬ್ಬು, ಜೂನ್ ಚಳಿ, ಹತ್ತೂವರೆ.
ಕಿಟಕಿಯಾಚೆ ಉಕ್ಕಿನ ಕಾರ್ಖಾನೆಯ ಬೆಂಕಿನಾಲಿಗೆ
ಯಾರ ಎಲೆಯನ್ನೂ ನೋಡದೆ ಉರಿಯುತ್ತಿದೆ.

ನನ್ನ ಮುಂದೆ ಒಂಬತ್ತು ಬ್ಲೈಂಡಿಗಾಗುವಷ್ಟು ಬಿಲ್ಲೆ.
ಬ್ಲೈಂಡೆಂದರೆ ಕುರುಡು ಕಂದಾಯ,
ಎಲೆ ಕಾಣುವ ಮೊದಲೇ ಕಟ್ಟಬೇಕು,
ಸರದಿ ಬಂದಾಗ ಕಕ್ಕಸಿಗೆ ಹೋಗಿದ್ದರೂ ಸರಿ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಿದ್ದೆ ನೀನು.
ಇಲ್ಲಿ ಹಾಸಿಗೆಯೇ ಇಪ್ಪತ್ತು ನಿಮಿಷಕ್ಕೊಮ್ಮೆ
ಒಂದು ಗೇಣು ಕುಗ್ಗುತ್ತದೆ ಅಜ್ಜಿ,
ಕಾಲು ಮಾತ್ರ ಅಷ್ಟೇ ಉದ್ದ.

ಹಗಲಿಡೀ ನಾನು ಡ್ರೈವಿಂಗ್ ಕಲಿಸುವವಳು.
ಸ್ಟೀರಿಂಗು ಇನ್ನೊಬ್ಬರ ಕೈಲಿ,
ನನ್ನ ಕಾಲಡಿ ಒಂದೇ ಒಂದು ಬ್ರೇಕು.
ಒತ್ತುವುದಕ್ಕೇ ಸಂಬಳ.
ಸಂಜೆ ಇಲ್ಲಿ ಬಂದು ಕೂತರೂ ಅದೇ ಕಾಲು:
ಗುಲಾಮ, ಹತ್ತು. ಒತ್ತು.
ಎಕ್ಕ, ಆರು, ಅದೂ ಬೇರೆ ಬಣ್ಣ. ಒತ್ತು.
ಮೂವತ್ತೊಂಬತ್ತು ಜನ ತಮ್ಮ ತಮ್ಮ ಧೈರ್ಯಕ್ಕೆ ಎದ್ದುಹೋದರು.
ನಾನು ಬಿಟ್ಟೂ ಬಿಟ್ಟೂ ಇಲ್ಲಿಯವರೆಗೆ ಬಂದೆ.

ಎದುರು ಮೂಲೆಯಲ್ಲಿ ಡೆಕ್ಲನ್, ಎರಡೇ ಬ್ಲೈಂಡು ಗತಿ.
ಛಾವಣಿ ಹೊದಿಸುವ ಹುಡುಗ, ತೋಳ ಮೇಲಿನ್ನೂ ಡಾಂಬರು.
ಇನ್ನು ಮೂರು ಕೈಗೆ ಕಂದಾಯ ಅವನ ಬಾಗಿಲಿಗೆ.
ಲೆಕ್ಕ ಸರಳ: ಅವನು ಸಾಯಲಿ, ನಾನು ಕಾಯಲಿ.
ಇಷ್ಟು ಕೆಟ್ಟದ್ದನ್ನು ಇಷ್ಟು ನಯವಾಗಿ
ಬೇರೆಲ್ಲೂ ಬಯಸಿದ್ದಿಲ್ಲ.
ನೀರಿನ ಜಗ್ಗನ್ನು ಅವನ ಕಡೆ ದಾಟಿಸಿದೆ ಕೂಡ.

ಆಗ ಬಂದಳು ರಾಣಿ. ಪಕ್ಕದಲ್ಲೇ ಇನ್ನೊಬ್ಬಳು.
ಆಟೀನು, ಇಸ್ಪೀಟು.
ಸಂಜೆಯೆಲ್ಲ ಕಾದದ್ದು ಇವರಿಗೇ.

ಮಾತು ನನಗಿಂತ ಮೊದಲು ಲ್ಯುಪ್ಚೋನದು, ಬಿಲ್ಲೆಯ ಗುಡ್ಡವೂ ಅವನದು.
ಮ್ಯಾಸಿಡೋನಿಯದಿಂದ ಬಂದು ಮೂವತ್ತು ವರ್ಷ ಕುಲುಮೆ ಕಾದವನು,
ನಾಲ್ಕು ತಿಂಗಳ ಮೇಲೆ ಇವತ್ತೇ ಮತ್ತೆ ಕಂಡದ್ದು.
ಗುಡ್ಡವನ್ನೇ ಮುಂದಕ್ಕೆ ತಳ್ಳಿ, ‘ಎಲ್ಲಾ’ ಅಂದ.
ತಳ್ಳಿದ ಕೈ ನಡುಗುತ್ತಿತ್ತು.

ನಡುಗುವ ಕೈ ನನಗೆ ಗೊತ್ತು.
ದಾವಣಗೆರೆಯ ಛತ್ರ, ಯಾರದೋ ಮದುವೆಯ ಹಿಂದಿನ ರಾತ್ರಿ,
ಹಿಂಗೋಣೆಯ ಜಮಖಾನದ ಮೇಲೆ ಅಂಗಿ ಬಿಚ್ಚಿ ಕೂತ ಚಿಕ್ಕಪ್ಪಂದಿರು.
ಹೆಣ್ಣುಮಕ್ಕಳಿಗೆ ಎಲೆ ಮುಟ್ಟಗೊಡುತ್ತಿರಲಿಲ್ಲ.
ಚಹಾ ಕೊಡಲು ಬಿಟ್ಟಿದ್ದರು, ಅಷ್ಟೇ ಅವರು ಮಾಡಿದ ತಪ್ಪು.
ಸುಳ್ಳಾಡುವವನು ಕಲ್ಲಾಗುತ್ತಾನೆ,
ಉಸಿರನ್ನೂ ಎಣಿಸಿ ಬಿಡುತ್ತಾನೆ.
ನಿಜವಾಗಿ ಎಲೆ ಬಿದ್ದವನದೇ
ಕಪ್ಪು ಬಸಿಯ ಮೇಲೆ ಕಿಣಿಕಿಣಿ.

ಒತ್ತಿದೆ.
ಇಬ್ಬರು ರಾಣಿಯರನ್ನೂ ಬೋರಲು ಮಲಗಿಸಿ ಡೀಲರಿನತ್ತ ಸರಿಸಿದೆ.
ಲ್ಯುಪ್ಚೋ ತನ್ನ ಎಲೆ ತೋರಿಸಲಿಲ್ಲ.
ತೋರಿಸಬೇಕೆಂದೇನೂ ಇಲ್ಲ.

ಡೆಕ್ಲನ್ ಸಾಯಲಿಲ್ಲ.
ಮೂರು, ಒಂಬತ್ತು ಹಿಡಿದು ಬದುಕಿದ.
ಮತ್ತೊಮ್ಮೆ, ಕೊನೆಯ ಎಲೆಯಲ್ಲಿ, ಬದುಕಿದ.
ಗಡಿಯಾರ ಹೊಡೆಯಿತು. ನನ್ನ ಒಂಬತ್ತು ಐದಾಯಿತು,
ಐದು ಮೂರೂವರೆ.
ತಾಳಿದವಳು ಬಾಳಿಯಾಳು, ಸರಿ,
ತಾಳುವುದಕ್ಕೂ ಬಾಡಿಗೆ ಉಂಟೆಂದು ಯಾರೂ ಹೇಳಿರಲಿಲ್ಲ.
ಎಕ್ಕ, ಐದು ಬಂದಾಗ ಬ್ರೇಕಿನಿಂದ ಕಾಲು ತೆಗೆದೆ.
ಡೆಕ್ಲನ್ನನ ಹತ್ತಿರ ಏಳರ ಜೋಡಿ.
ಏಳು ಅಂದಿತು ಎಲೆ. ಎದ್ದೆ.

ಏಳನೆಯವರಿಗೆ ಕ್ಲಬ್ಬಿನ ಸಮಾಧಾನ, ಒಂದು ತಟ್ಟೆ ಕುರಿಮಾಂಸ.
ಮಾಂಸ ಮುಟ್ಟದವಳು ಅದನ್ನೆರಡೂ ಕೈಲಿ ಹಿಡಿದು ಹೊರಬಂದರೆ
ಕಾರುಗಳ ನಡುವೆ ಲ್ಯುಪ್ಚೋ, ಹತ್ತು ನಿಮಿಷದ ವಿರಾಮ.
ಲೈಟರಿನ ಉರಿ ಸಿಗರೇಟಿನ ತುದಿ ಸಿಗದೆ
ಆಚೆಗೊಮ್ಮೆ ಈಚೆಗೊಮ್ಮೆ.
ತಟ್ಟೆಯನ್ನು ಯಾರದೋ ಬಾನೆಟ್ಟಿನ ಮೇಲಿಟ್ಟು
ಅವನ ಮಣಿಕಟ್ಟು ಹಿಡಿದೆ. ಹೊತ್ತಿತು.

‘ನಿನ್ನ ಕೈಲಿ ಏನಿತ್ತು ಆಗ?’
‘ಕೈಲಿ?’ ನಕ್ಕ. ಕೈಯನ್ನೇ ದೀಪದ ಬೆಳಕಿಗೆ ಎತ್ತಿ ಹಿಡಿದ.
‘ಇದು. ಫೆಬ್ರವರಿಯಿಂದ.
ಡಾಕ್ಟರು ಒಂದು ಹೆಸರು ಹೇಳಿದ್ದಾರೆ.’
ಹೊಗೆ ಬಿಟ್ಟ.
‘ನಿನ್ನದು?’

‘ಏಳು, ಎರಡು,’ ಅಂದೆ,
ಕಲ್ಲಾಗಿ,
ಉಸಿರನ್ನೂ ಎಣಿಸಿ ಬಿಡುತ್ತಾ.