ಕೂದಲೆಳೆ

ಮೊದಲು ನಾಲ್ಕು ಚಿಟಿಕೆ.
ತಳದ ಗೆರೆಯಲ್ಲಿ ಸೋಮವಾರ, ತುದಿಯಲ್ಲಿ ಮರುಸೋಮವಾರ;
ಎಡಕ್ಕೆ ಕೆಳಗೆ ಸೊನ್ನೆ, ಮೇಲೆ ನೂರು.
ಇಷ್ಟು ಹೇಳಿಕೊಟ್ಟರೆ ಕಂಪ್ಯೂಟರಿಗೆ
ಚಿತ್ರ ಚಿತ್ರವಲ್ಲ, ಅಳತೆಗೆ ಸಿಕ್ಕ ಹೊಲ.

ಆದರೆ ಈ ಕಾಗದದಲ್ಲಿ ಗಂಟೆಯ ಗೆರೆಗಳು ನೆಟ್ಟಗಿಲ್ಲ.
ಮುಳ್ಳಿನ ತೋಳು ಗೂಟಕ್ಕೆ ಕಟ್ಟಿದ ಕರು,
ಏರುವಾಗಲೂ ಇಳಿಯುವಾಗಲೂ ಬಾಗಿಯೇ ನಡೆದಿದೆ;
ಗೆರೆಗಳೂ ಅದರ ಹಿಂದೆ ಕುಡುಗೋಲು.
ಅದು ತಿಳಿಯದೆ ಮೊದಲ ವಾರ
ಒದ್ದೆ ರಾತ್ರಿಗಳನ್ನೆಲ್ಲ ಬೆಳಗಿನ ಲೆಕ್ಕಕ್ಕೆ ಬರೆದಿದ್ದೆ.

ಹಾಸನದ ಹೊರಗಿನ ಆಲೂಗೆಡ್ಡೆ ಕೇಂದ್ರದ ಕಾಗದಗಳು.
ಅಂಕಿಯ ಪುಸ್ತಕ ಗೆದ್ದಲಿಗೆ ಹೋಯಿತು,
ಉಳಿದದ್ದು ಪಟ್ಟಿಗಳು, ಅವುಗಳ ಫೋಟೋ,
ಒಂದೊಂದರಲ್ಲೂ ಫೋಟೋ ತೆಗೆದವನ ಹೆಬ್ಬೆರಳ ತುದಿ.
ದಿನಕ್ಕೆ ಹನ್ನೆರಡು ವಾರ ನನ್ನ ಪಾಲು,
ವಾರಕ್ಕೆ ಐವತ್ತಾರು ಚುಕ್ಕಿ.
ಚುಕ್ಕಿ ಯಾವುದು, ನೊಣದ ಹಿಕ್ಕೆ ಯಾವುದು,
ಅದಕ್ಕೇ ಸಂಬಳ.

ಪೆಟ್ಟಿಗೆಯೊಳಗೆ ಯಾವಳದೋ ತಲೆಗೂದಲಿತ್ತಂತೆ.
ತೇವಕ್ಕೆ ಹಿಗ್ಗಿ ಬಿಸಿಲಿಗೆ ಕುಗ್ಗಿ
ಮುಳ್ಳನ್ನು ಎಳೆದಾಡಿಸುತ್ತಿದ್ದದ್ದು ಅದೇ ಅಂತೆ.
ನನ್ನ ಜಡೆ ಮುಟ್ಟಿ ನೋಡಿಕೊಂಡೆ:
ಇವತ್ತು ಅರವತ್ತೆಂಟಿರಬಹುದು.

ಪಟ್ಟಿಯ ಮೂಲೆಯಲ್ಲಿ ನೇರಳೆ ಸಹಿ, ಸಣ್ಣೀರಯ್ಯ.
ಸೋಮವಾರ ಎಂಟೂವರೆಗೆ ಹೊಸ ಕಾಗದ,
ಗಡಿಯಾರಕ್ಕೆ ಕೀಲಿ, ಮುಳ್ಳಿಗೊಂದು ತೊಟ್ಟು ಶಾಯಿ.
ಪ್ರತಿ ರಾತ್ರಿ ಎರಡೂಕಾಲರ ಆಸುಪಾಸು
ಗೆರೆಯಲ್ಲೊಂದು ಸಣ್ಣ ಹಲ್ಲು.
ಅದೇನೆಂದು ತಿಳಿಯಲು ತಿಂಗಳು ಹಿಡಿಯಿತು:
ಅರಸೀಕೆರೆ ಕಡೆಯ ಗೂಡ್ಸ್ ಗಾಡಿ
ಹೊಲದಂಚಿನಲ್ಲಿ ಹಾಯುವಾಗ ಪೆಟ್ಟಿಗೆ ನಡುಗಿದ್ದು.

ಎಂಬತ್ತೊಂದರ ಆಷಾಢ, ಎರಡನೆಯ ವಾರ.
ಗೆರೆ ಬಲು ಚಂದ.
ಎಲ್ಲೂ ತಡವರಿಸಿಲ್ಲ, ಶಾಯಿ ಉಕ್ಕಿಲ್ಲ,
ಏಳು ರಾತ್ರಿಯೂ ಹಲ್ಲಿಲ್ಲ.
ಗಾಡಿ ಬಾರದ ವಾರವೇ? ಇದ್ದೀತು ಎಂದು
ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ ನೋಡಿದೆ:
ಶಾಯಿಯಡಿ ಪೆನ್ಸಿಲು.

ಅಯ್ಯೋ, ಸಣ್ಣೀರಯ್ಯ.

"ಆ ವಾರ ಕಳೆದೋಗಿದೆ ಅಂತ ಹಾಕಮ್ಮ,"
ಅಂದರು ಪಾರ್ಶ್ವನಾಥ್ ಸಾರ್. "ಖಾಲಿ ಬಿಡಂಗಿಲ್ಲ.
ಮೈನಸ್ ತೊಂಬತ್ತೊಂಬತ್ತು."
ಹಾಕಿದೆ, ಐವತ್ತಾರು ಸಲ.
ಯಾವ ಮರಳುಗಾಡೂ ಕಾಣದ ಒಣಗು ಬಂದು
ಹಾಸನದ ಮೇಲೆ ಏಳು ದಿನ ಕೂತಿತು.

ಊಟದ ಡಬ್ಬಿ ಪಕ್ಕಕ್ಕಿಟ್ಟು
ಆ ವರ್ಷದ ರೋಗದ ವಹಿ ತಿರುವಿದೆ
(ಅದಕ್ಕೆ ಗೆದ್ದಲು ಮುಟ್ಟಿಲ್ಲ, ಔಷಧದ ವಾಸನೆಗೋ ಏನೋ).
ನಿನ್ನ ಸುಳ್ಳುಗೆರೆ ಸಾಲಾಗಿ ಮೂರು ರಾತ್ರಿ
ತೊಂಬತ್ತರ ಮೇಲೆ ನಿಂತಿದೆ, ಇಳಿದಿಲ್ಲ.
ಅಲ್ಲಿಂದ ಆರನೆಯ ದಿನ, ವಹಿಯಲ್ಲಿ, ಬೇರೆ ಯಾರದೋ ಅಕ್ಷರ:
ನಾಲ್ಕನೆಯ ಪಾತಿ. ಎಲೆಯಂಚು ಕಪ್ಪು. ಅಂಗಮಾರಿ.

ರೋಗ ಕಂಡಮೇಲೆ ಎಳೆದೆಯೋ,
ಇಲ್ಲ, ಇಷ್ಟು ವರ್ಷ ಆ ಪೆಟ್ಟಿಗೆಗೆ ಕೀಲಿ ಕೊಟ್ಟ ಕೈಗೆ
ಮೂರು ರಾತ್ರಿಯ ತೇವ ಹಾಸಿಗೆಯಲ್ಲೇ ತಿಳಿಯಿತೋ.
ಸಹಿಯ ಕೆಳಗಿನ ತಾರೀಖು ಹೇಳುವುದಿಲ್ಲ;
ತಾರೀಖೂ ನಿನ್ನ ಕೈಯದೇ.

ಸಂಜೆ, ಯಾರೂ ಕೇಳದ ಇನ್ನೊಂದು ಕಡತ ತೆರೆದು
ನಾಲ್ಕು ಚಿಟಿಕೆ ಹಾಕಿ, ಬಾಗು ಸರಿಪಡಿಸಿ
ನಿನ್ನ ಪೆನ್ಸಿಲಿನ ಮೇಲೆ ಹೆಜ್ಜೆಯಿಟ್ಟು ಹೋದೆ.
ಗುರುವಾರ ರಾತ್ರಿ
ಹನ್ನೆರಡರ ಚುಕ್ಕಿಯಿಂದ ಮೂರರ ಚುಕ್ಕಿಗೆ ಹೋಗುವ ದಾರಿಯಲ್ಲಿ
ಬೆರಳು ತಾನಾಗಿ ನಿಂತಿತು,
ಗಾಡಿ ಹಾಯ್ದು ಹೋಗಲಿ ಎಂದು.