ತೊಂಬತ್ತೊಂಬತ್ತು

ಎಂಬಿಎ ಮೂರನೇ ಸೆಮಿಸ್ಟರು, ಸಾಂಸ್ಥಿಕ ವರ್ತನೆ,
ಇಂಟರ್ನಲ್ಲಿಗೆ ಒಂದು ಕ್ಷೇತ್ರಕಾರ್ಯ.
ಉಳಿದವರು ಬ್ಯಾಂಕು ಹಿಡಿದರು, ಶೋರೂಮು ಹಿಡಿದರು,
ಎಸಿ ಇರುವಲ್ಲಿ ಪ್ರೇರಣೆ ಅಳೆಯುವುದು ಸುಲಭ.
ನನಗೆ ಉಳಿದದ್ದು ರಾಯಚೂರಿನ ಗಂಜು,
ಲಾರಿಗೆ ಭತ್ತ ಏರಿಸುವ ಹಮಾಲರ ಒಂದು ಗುಂಪು,
ಬಗಲಲ್ಲಿ ಇಪ್ಪತ್ತೆಂಟು ಪ್ರಶ್ನೆ,
ಪ್ರತಿ ಪ್ರಶ್ನೆಯ ಮುಂದೆ ಐದು ಚೌಕ:
ಪೂರ್ತಿ ಒಪ್ಪುತ್ತೇನೆ ಎಂಬಲ್ಲಿಂದ
ಎಳ್ಳಷ್ಟೂ ಒಪ್ಪುವುದಿಲ್ಲ ಎಂಬಲ್ಲಿಯವರೆಗೆ.

ಪ್ರಶ್ನೆ ಏಳು: ನನ್ನ ಮೇಲಿನವರು ನನ್ನ ಮಾತು ಕೇಳುತ್ತಾರೆ.
ತಾಯಪ್ಪ ಬೆನ್ನು ತೋರಿಸಿದ:
"ಮ್ಯಾಲ ಇರೋದು ಚೀಲ ಒಂದೇ, ತಂಗಿ.
ಎಪ್ಪತ್ತೈದು ಕೇಜಿ.
ಅದಕ್ಕ ಕಿವಿ ಎಲ್ಲದಾವ?"
ಎಲ್ಲರೂ ನಕ್ಕರು. ನಾನು ನಡುವಿನ ಚೌಕಕ್ಕೆ ಗೀಟು ಹಾಕಿದೆ.
ತಿಳಿಯದ್ದಕ್ಕೆಲ್ಲ ನಡುವಿನ ಚೌಕ,
ಅಷ್ಟನ್ನು ಆಗಲೇ ಕಲಿತಿದ್ದೆ.

ಸಂಜೆ ಹಣ ಹಂಚುವುದನ್ನು ನೋಡಿದೆ.
ಹೊತ್ತವರು ಹನ್ನೊಂದು. ಪಾಲು ಹನ್ನೆರಡು.
ಹನ್ನೆರಡನೆಯದು ಖಾಜಾಸಾಬನ ಎಡಗೈಗೆ ಹೋಯಿತು.
ಬಲಗೈ, ಹಲಗೆ ಜಾರಿದ ದಿನದಿಂದ, ಭುಜಕ್ಕೆ ತೂಗಿದ್ದು ಮಾತ್ರ.
ಅವನು ತೂಕದ ಕಟ್ಟೆಯ ಮೇಲೆ ಕೂತು ಎಣಿಸುತ್ತಾನೆ.
ಸೇಠನ ಗುಮಾಸ್ತನೂ ಎಣಿಸುತ್ತಾನೆ.
"ಮತ್ತೆ ಇವರು ಯಾಕೆ?" ಎಂದೆ.
ಈ ಸಲ ಯಾರೂ ನಗಲಿಲ್ಲ.
ಉಸೇನಪ್ಪ ಟವೆಲ್ ಝಾಡಿಸಿದ, ಗಾಳಿಯಲ್ಲಿ ಹೊಟ್ಟು.
"ಎಣಸ್ತಾನ," ಅಂದ ತಾಯಪ್ಪ,
ಬಾಗಿಲು ಮುಂದೆ ಮಾಡಿದ ಹಾಗೆ.

ನಮ್ಮ ಪಠ್ಯದ ಆರನೇ ಅಧ್ಯಾಯದಲ್ಲಿ ಒಂದು ಹಗ್ಗವಿದೆ.
ಒಬ್ಬನೇ ಎಳೆದರೆ ಪೂರ್ತಿ ಬಲ,
ಎಂಟು ಜನ ಎಳೆದರೆ ಒಬ್ಬೊಬ್ಬನದೂ ಅರ್ಧ.
ಗುಂಪಿನೊಳಗೆ ಮೈಗಳ್ಳತನ ಹೇಗೆ ಅಡಗಿ ಕೂರುತ್ತದೆ,
ವಿವರಿಸಿ, ಎಂಟು ಅಂಕ.
ಆ ರಾತ್ರಿ ಹಾಸ್ಟೆಲಿನಲ್ಲಿ
ಖಾಜಾಸಾಬನನ್ನು ಆ ಹಗ್ಗಕ್ಕೆ ಕಟ್ಟಿದೆ.
ಉದಾಹರಣೆ ಚೆನ್ನಾಗಿ ಕೂತಿತು.
ಕೂತ ಮೇಲೆ ನನಗೆ ನಿದ್ದೆ ಬರಲಿಲ್ಲ.

ಎರಡನೇ ಸೆಮಿಸ್ಟರಿನಲ್ಲಿ ನಾವು ಐವರ ಪ್ರಾಜೆಕ್ಟು,
ಬರೆದವಳು ನಾಗವೇಣಿ ಒಬ್ಬಳೇ.
ನಾನು ಮಾಡಿದ್ದು ರಟ್ಟಿಗೆ ಬಣ್ಣ ಆರಿಸಿದ್ದು.
ನೀಲಿ.
ಐವರಿಗೂ ಇಪ್ಪತ್ತಮೂರು ಅಂಕ ಬಂತು.
ಅವಳು ಏನೂ ಅನ್ನಲಿಲ್ಲ,
ಮೆಸ್ಸಿನಲ್ಲಿ ನನ್ನ ಪಕ್ಕ ಕೂರುವುದು ಬಿಟ್ಟಳು, ಅಷ್ಟೇ.
ಸುಮ್ಮನಿರುವುದರಲ್ಲೂ ಬಗೆಬಗೆ ಇದೆ:
ತಾಯಪ್ಪನದು ಒಂದು, ಅವಳದು ಇನ್ನೊಂದು.
ಎರಡನ್ನೂ ಸಿಲೆಬಸ್ಸಿನಲ್ಲಿ ಹುಡುಕಿದೆ.

ಮರುದಿನ ಖಾಜಾಸಾಬನಿಗೂ ಒಂದು ಫಾರ್ಮು ಕೊಟ್ಟೆ.
ಓದು ಬರುವುದಿಲ್ಲ ಎಂದು ಅವನು ಹೇಳಲಿಲ್ಲ,
ಕೇಳಲು ನನಗೆ ನಾಚಿಕೆ.
ಸಂಜೆ ಕೈಗೆ ಬಂದಾಗ ಚೌಕಗಳ ತುಂಬ, ಅಂಚುಗಳ ತುಂಬ
ಎಡಗೈಯ ಸೊಟ್ಟ ಗೀಟು:
ನಾಲ್ಕು ನಿಂತವು, ಒಂದು ಅವುಗಳ ಮೈಮೇಲೆ ಅಡ್ಡ,
ನಾಲ್ಕು ನಿಂತವು, ಒಂದು ಅಡ್ಡ,
ಕೊನೆಗೆ ಜೊತೆ ಸಿಗದ ಎರಡು.
ಆ ದಿನ ಏರಿದ ಮುನ್ನೂರ ನಲವತ್ತೆರಡು ಚೀಲ.
ಗುಮಾಸ್ತನ ಚೀಟಿಯಲ್ಲಿ ನಾಲ್ಕು ಕಮ್ಮಿ.
ಅದರ ಮೇಲೆ ಏನೋ ಮಾತಾಯಿತು, ದನಿ ಏರಿತು, ತೆಲುಗಿನಲ್ಲಿ;
ನಾನು ಕುಷ್ಟಗಿಯವಳು, ತಿಳಿಯಲಿಲ್ಲ.

"ಉತ್ತರ ಇಲ್ಲದ ಕಡೆ ತೊಂಬತ್ತೊಂಬತ್ತು ಹಾಕು,"
ಲ್ಯಾಬಿನಲ್ಲಿ ಪುರಾಣಿಕ ಮೇಡಂ,
"ಕಂಪ್ಯೂಟರು ಅದನ್ನು ಲೆಕ್ಕಕ್ಕೆ ಹಿಡಿಯೋದಿಲ್ಲ, ಸರಾಸರಿ ಕೆಡೋದಿಲ್ಲ."
ಇಪ್ಪತ್ತೆಂಟು ಸಲ ಒತ್ತಿದೆ.
ಒಂಬತ್ತು, ಒಂಬತ್ತು.
ಸರಾಸರಿ ಕೆಡಲಿಲ್ಲ.

ವೈವಾದಲ್ಲಿ ಹೊರಗಿನಿಂದ ಬಂದವರು ಕನ್ನಡಕ ಏರಿಸಿ ಕೇಳಿದರು,
"ಸ್ಯಾಂಪಲ್ ಎಷ್ಟಮ್ಮಾ?"
"ಹನ್ನೆರಡು."
"ಕೋಷ್ಟಕದಲ್ಲಿ ಹನ್ನೊಂದಿದೆ?"
"ಹೊತ್ತವರು ಹನ್ನೊಂದು, ಸರ್," ಎಂದೆ.
ಮುಂದಿನದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಚಹಾ ಬಂತು.
ಅವರು ಹಾಳೆ ತಿರುವಿದರು.

ಹೊರಗೆ ಬೆಂಚಿನ ಮೇಲೆ ಮುಂದಿನ ನಂಬರು, ನಾಗವೇಣಿ,
ಫೈಲು ಎದೆಗೆ ಒತ್ತಿ ಹಿಡಿದು.
"ಏನು ಕೇಳಿದರು?" ಎಂದಳು,
ನಾಲ್ಕು ತಿಂಗಳ ಮೇಲೆ ಮೊದಲ ಮಾತು.
"ಎಣಿಕೆ," ಎಂದೆ.
ಅವಳು ಸ್ವಲ್ಪ ಸರಿದು
ಬೆಂಚಿನಲ್ಲಿ ಜಾಗ ಮಾಡಿದಳು. ಅಥವಾ
ಅವಳ ಹೆಸರು ಕೂಗಿದ್ದಿರಬೇಕು.